ತಾನ್, ಚಾನ್, ಚೆನ್: ಒಂದೇ ಅಕ್ಷರದ ಅಡ್ಡಹೆಸರು ಊರೂರು ಅಲೆದ ಬಗೆ

ಚೀನಾದಲ್ಲಿ ಹೊಸಬರಿಗೆ ಹೆಸರು ಬರೆಸುವಾಗ ಚೆನ್ ಮನೆತನದವರು "ಕಿವಿ-ಪೂರ್ವದ ಚೆನ್" ಎಂದು ಬಿಡಿಸಿ ಹೇಳುತ್ತಾರೆ. ಒಂದೇ ಉಚ್ಚಾರದ ಅಕ್ಷರಗಳು ಆ ಭಾಷೆಯಲ್ಲಿ ರಾಶಿ ರಾಶಿ ಇರುವುದರಿಂದ ಈ ರೂಢಿ. ಅಕ್ಷರದ ಎಡಕ್ಕೆ ಕಿವಿಯ ಹಾಗೆ ಬಾಗಿದ ಗೆರೆ, ಬಲಕ್ಕೆ ಪೂರ್ವ ದಿಕ್ಕಿನ ಅಕ್ಷರ. ಎಡಗಡೆಯದು ಅಸಲಿಗೆ ಕಿವಿಯೇ ಅಲ್ಲ, ದಿಬ್ಬದ ಗುರುತು. ಆದರೆ "ದಿಬ್ಬ-ಪೂರ್ವದ ಚೆನ್" ಎಂದು ಯಾರೂ ಅನ್ನುವುದಿಲ್ಲ. ಹೆಸರಿನ ವಿಷಯದಲ್ಲಿ ಕಣ್ಣಿಗೆ ಕಂಡದ್ದೇ ಗೆಲ್ಲುತ್ತದೆ, ಹುಟ್ಟು ಹಿಂದೆ ಸರಿಯುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಇದೇ ಅಕ್ಷರವನ್ನು ಹಾಂಗ್‌ಕಾಂಗ್‌ನವರು ಚಾನ್ ಎನ್ನುತ್ತಾರೆ, ಹಕ್ಕಾ ಜನ ಚಿನ್ ಎನ್ನುತ್ತಾರೆ, ಫುಝೌ ಕಡೆಯವರು ತಿಂಗ್ ಎನ್ನುತ್ತಾರೆ. ವಿಯೆಟ್ನಾಂನಲ್ಲಿ ಅದು ತ್ರಾನ್. ಫುಜಿಯಾನ್ ಪ್ರಾಂತ್ಯದ ದಕ್ಷಿಣ ಕರಾವಳಿಯ ಹೊಕ್ಕಿಯೆನ್ ಮಾತಿನಲ್ಲಿ ತಾನ್. ಇಂಗ್ಲಿಷ್ ಓದಿನಲ್ಲಿ ಟ್ಯಾನ್ ಆಗಿಬಿಡುತ್ತದೆ. ಚೀನಾ ಸರ್ಕಾರದ 2020ರ ಹೆಸರುಗಳ ವರದಿಯಲ್ಲಿ ವಾಂಗ್, ಲಿ, ಝಾಂಗ್, ಲಿಯು ಆದ ಮೇಲೆ ಐದನೆಯ ಸ್ಥಾನ ಚೆನ್‌ಗೆ. ತೈವಾನ್‌ನಲ್ಲಿ ಅದೇ ಮೊದಲನೆಯದು, ನೂರರಲ್ಲಿ ಸುಮಾರು ಹನ್ನೊಂದು ಜನ. ಸಿಂಗಪುರದ ಚೀನೀಯರಲ್ಲೂ ತಾನ್‌ಗೇ ಮೊದಲ ಸ್ಥಾನ.

ನಮ್ಮ ಉತ್ತರ ಕರ್ನಾಟಕದಲ್ಲಿ ಸರ್‌ನೇಮಿಗೆ ಅಡ್ಡಹೆಸರು ಅನ್ನುತ್ತಾರೆ. ಇಲ್ಲಿ ಅದೇ ಪದ ಬಳಸುತ್ತೇನೆ. ಪ್ರಶ್ನೆ ಇಷ್ಟೇ: ಸಿಂಗಪುರದ ಒಂದು ತಾನ್ ಮನೆತನವನ್ನು ಹಿಡಿದು ಹಿಂದಕ್ಕೆ ಹೊರಟರೆ ಎಲ್ಲಿಯತನಕ ಗಟ್ಟಿ ನೆಲ ಸಿಗುತ್ತದೆ, ಎಲ್ಲಿಂದ ಕಾಲು ಹೂಳತೊಡಗುತ್ತದೆ?

ಮಲಾಕ್ಕಾದ ತರಕಾರಿ ವ್ಯಾಪಾರಿ

ನಾನು ಆರಿಸಿಕೊಂಡದ್ದು ತಾನ್ ಟಾಕ್ ಸೆಂಗ್ ಮನೆತನ. ಸಿಂಗಪುರದಲ್ಲಿ ಈ ಹೆಸರು ಗೊತ್ತಿಲ್ಲದವರಿಲ್ಲ, ಅಲ್ಲಿನ ಒಂದು ದೊಡ್ಡ ಆಸ್ಪತ್ರೆ ಇವತ್ತಿಗೂ ಇದೇ ಹೆಸರಿನಲ್ಲಿದೆ. ಹುಟ್ಟಿದ್ದು 1798ರಲ್ಲಿ, ಇಂದಿನ ಮಲೇಷ್ಯಾದ ಬಂದರೂರು ಮಲಾಕ್ಕಾದಲ್ಲಿ. ತಂದೆ ಫುಜಿಯಾನ್‌ನ ಝಾಂಗ್‌ಝೌ ಸೀಮೆಯ ಹೈಚೆಂಗ್‌ನಿಂದ ಬಂದವರು, ತಾಯಿ ಮಲಾಕ್ಕಾದಲ್ಲೇ ಬೇರುಬಿಟ್ಟ ಪೆರನಾಕನ್ ಸಮುದಾಯದವರು. 1819ರಲ್ಲಿ ಇಂಗ್ಲಿಷರು ಸಿಂಗಪುರದಲ್ಲಿ ಕೋಠಿ ಹಾಕಿದಾಗ ಈ ಇಪ್ಪತ್ತೊಂದರ ಹುಡುಗ ಅಲ್ಲಿಗೆ ಹೋಗಿ, ಹಳ್ಳಿಗಳಿಂದ ತರಕಾರಿ, ಹಣ್ಣು, ಕೋಳಿ ತಂದು ಪೇಟೆಯಲ್ಲಿ ಮಾರಿದ. ಆಮೇಲೆ ಜಮೀನು ವ್ಯವಹಾರದಲ್ಲಿ ದುಡ್ಡಾಯಿತು. 1844ರಲ್ಲಿ ಬಡವರ ಆಸ್ಪತ್ರೆಗೆ ಅಡಿಗಲ್ಲು ಬಿದ್ದದ್ದು ಅವರ ದುಡ್ಡಿನಿಂದ. ತೀರಿಕೊಂಡದ್ದು 1850ರಲ್ಲಿ. ಮೊಮ್ಮಗ ತಾನ್ ಚೇ ಯಾನ್ 1896ರಲ್ಲಿ ಮಲಯದಲ್ಲಿ ಮೊದಮೊದಲ ರಬ್ಬರ್ ತೋಟ ಹಾಕಿದವರು.

ಹೈಚೆಂಗ್‌ತನಕದ ಈ ದಾರಿ ಗಟ್ಟಿ. ಅದಕ್ಕೆ ಕಾರಣ ಹೈಚೆಂಗ್‌ನ ಇತಿಹಾಸದಲ್ಲೇ ಇದೆ. ಮಿಂಗ್ ಅರಸರು ಖಾಸಗಿ ಸಮುದ್ರ ವ್ಯಾಪಾರವನ್ನು ಬಹುಕಾಲ ನಿಷೇಧಿಸಿದ್ದರು. 1567ರಲ್ಲಿ ಆ ನಿಷೇಧ ಸಡಿಲವಾದಾಗ ಜನರಿಗೆ ತೆರೆದ ಬಂದರು ಹೈಚೆಂಗ್‌ನ ಯುಯೆಗಾಂಗ್, ಅಂದರೆ ಚಂದ್ರಬಂದರು. ಅಲ್ಲಿಂದ ಮನಿಲಾಗೆ, ಜಾವಾಗೆ, ಮಲಾಕ್ಕಾಗೆ ಹಡಗು ಹೊರಟವು. ಗುಡ್ಡ ಹೆಚ್ಚು, ಗದ್ದೆ ಕಡಿಮೆ ಇರುವ ಆ ಕರಾವಳಿಯಲ್ಲಿ ಮನೆಗೊಬ್ಬ ಮಗ ಹಡಗು ಹತ್ತುವುದು ಬದುಕಿನ ಲೆಕ್ಕಾಚಾರವಾಗಿತ್ತು.

ಗೋರಿಕಲ್ಲುಗಳೂ ಇದೇ ಸಾಕ್ಷಿ ಹೇಳುತ್ತವೆ. ಸಿಂಗಪುರದ ಬುಕಿತ್ ಬ್ರೌನ್ ಸ್ಮಶಾನ 1922ರಿಂದ 1973ರವರೆಗೆ ಬಳಕೆಯಲ್ಲಿತ್ತು. ಸುಮಾರು ಒಂದು ಲಕ್ಷ ಗೋರಿಗಳು. (ಕೆಲವು ಸಿರಿವಂತರ ಗೋರಿಗೆ ಕಾವಲಾಗಿ ಪೇಟ ಸುತ್ತಿದ ಸಿಖ್ ಕಾವಲುಗಾರರ ಕಲ್ಲಿನ ಮೂರ್ತಿ ನಿಲ್ಲಿಸಿದ್ದಾರೆ. ಬದುಕಿದ್ದಾಗ ಮನೆಬಾಗಿಲಲ್ಲಿ ನಿಂತವರೇ ಸತ್ತಮೇಲೂ ನಿಂತರು.) ಅಲ್ಲಿನ ಕಲ್ಲುಗಳಲ್ಲಿ ಸತ್ತವರ ಹೆಸರಿಗಿಂತ ಮೇಲೆ, ಹಣೆಯ ಜಾಗದಲ್ಲಿ, ಎರಡಕ್ಷರದ ಊರಹೆಸರು ಕೆತ್ತಿರುವುದು ಸಾಮಾನ್ಯ: ಹೈಚೆಂಗ್, ಝಾಂಗ್‌ಪು, ತೊಂಗ್‌ಆನ್. ಇಂಗ್ಲಿಷ್ ಮಾತಾಡಿಕೊಂಡು, ಚೀನೀ ಅಕ್ಷರ ಓದಲೂ ಬಾರದ ಮಕ್ಕಳು ಮರಿಮಕ್ಕಳಿಗೆ ಇಂದು ಉಳಿದಿರುವ ವಿಳಾಸ ಅದೊಂದೇ. 2011ರಲ್ಲಿ ಆ ಗುಡ್ಡದ ಮೇಲೆ ಹೆದ್ದಾರಿ ಹಾಯಿಸುವ ನಿರ್ಧಾರ ಹೊರಬಿದ್ದಾಗ ಅಷ್ಟು ಗದ್ದಲ ಎದ್ದದ್ದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಕೆಲವು ಸಾವಿರ ಗೋರಿ ತೆಗೆದು ರಸ್ತೆಯನ್ನಂತೂ ಹಾಕಿದರು.

ನಡುಹೆಸರು ನಂಬಿದರೆ ಮಾತ್ರ ಎಡವುತ್ತೀರಿ. ಚೀನೀ ಮನೆತನಗಳಲ್ಲಿ ತಲೆಮಾರಿನ ಪದ್ಯ ಅಂತ ಒಂದಿರುತ್ತದೆ. ಪದ್ಯದ ಒಂದೊಂದು ಅಕ್ಷರ ಒಂದೊಂದು ತಲೆಮಾರಿಗೆ. ಅಣ್ಣತಮ್ಮಂದಿರು, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ಎಲ್ಲರಿಗೂ ನಡುವೆ ಅದೇ ಅಕ್ಷರ. ತಾನ್ ಟಾಕ್ ಸೆಂಗ್ ಮಗ ತಾನ್ ಕಿಮ್ ಚಿಂಗ್. ಅದೇ ಕಾಲದ ಇನ್ನೊಬ್ಬ ಸಾಹುಕಾರ ತಾನ್ ಕಿಮ್ ಸೆಂಗ್, ಅವರೂ ಮಲಾಕ್ಕಾದವರೇ. ಇಬ್ಬರಿಗೂ 'ಕಿಮ್', ಅಂದರೆ ಚಿನ್ನ. ಅಣ್ಣತಮ್ಮ ಅಂದುಕೊಳ್ಳಬೇಕು, ಆದರೆ ಮನೆತನ ಬೇರೆ ಬೇರೆ. ಚಿನ್ನ ಯಾರಿಗೆ ಬೇಡ?

ತೇ ಮತ್ತು ಚಹಾ

ಇನ್ನು ಉಚ್ಚಾರ. ಉತ್ತರದವರ ಬಾಯಲ್ಲಿ ಚೆನ್ ಆದದ್ದು ಹೈಚೆಂಗ್‌ನವರ ಬಾಯಲ್ಲಿ ತಾನ್ ಯಾಕೆ? ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಧಾರವಾಡದಲ್ಲಿ ಚಹಾ, ಬೆಂಗಳೂರಿನಲ್ಲಿ ಟೀ. ಎರಡೂ ಒಂದೇ ಚೀನೀ ಅಕ್ಷರದಿಂದ ಬಂದವು. ಬಹುಪಾಲು ಚೀನಾ ಅದನ್ನು 'ಚಾ' ಎಂದಿತು. ಅದು ಪರ್ಷಿಯನ್, ಹಿಂದಿ, ಮರಾಠಿಗಳ ದಾರಿ ಹಿಡಿದು ನಮ್ಮ ಚಹಾ ಆಯಿತು. ಹೊಕ್ಕಿಯೆನ್ ಕರಾವಳಿಯವರು 'ತೇ' ಎಂದರು. ಡಚ್ ವ್ಯಾಪಾರಿಗಳು ಅವರಿಂದ ಕೇಳಿ ಯುರೋಪಿಗೆ ಒಯ್ದರು, ಅದು ಇಂಗ್ಲಿಷರ ಟೀ ಆಗಿ ನಮಗೆ ಬಂತು. ಚಾ-ತೇ ಜೋಡಿ ಹೇಗೋ ಚೆನ್-ತಾನ್ ಜೋಡಿಯೂ ಹಾಗೇ. ಎರಡು ಅಕ್ಷರಗಳಿಗೂ ಹಿಂದೊಮ್ಮೆ ಒಂದೇ ತರದ ತ-ದ ವರ್ಗದ ಮೊದಲ ವ್ಯಂಜನ ಇತ್ತು. ಕ್ರಿ.ಶ. ಮೊದಲ ಸಹಸ್ರಮಾನದಲ್ಲಿ ಬೇರೆಲ್ಲ ಕಡೆ ಅದು ಬದಲಾಗುತ್ತ ಕೊನೆಗೆ 'ಚ' ಆಯಿತು. ಫುಜಿಯಾನ್ ಕರಾವಳಿಯ ಮಾತುಗಳು ಆ ಬದಲಾವಣೆಗೆ ಸಿಕ್ಕಲಿಲ್ಲ. ಹದಿನೆಂಟನೆಯ ಶತಮಾನದ ವಿದ್ವಾಂಸ ಛಿಯನ್ ದಾಶಿನ್ ಹಳೆಯ ಗ್ರಂಥಗಳನ್ನು ಜಾಲಾಡಿ ಈ 'ತ'ಕಾರದ ಹಳೆತನವನ್ನು ತೋರಿಸಿಕೊಟ್ಟರು.

ನಮ್ಮಲ್ಲೂ ಇದಿದೆ. ಹೆಸರು ಎನ್ನುವ ಪದವೇ ಹಳಗನ್ನಡದಲ್ಲಿ ಪೆಸರ್. ನಾವು 'ಹ'ಕ್ಕೆ ಹೊರಳಿದೆವು, ತುಳುವರು ಹಾಲಿಗೆ ಇನ್ನೂ ಪೇರ್ ಅನ್ನುತ್ತಾರೆ.

ಹಾಗಂತ "ತಾನ್ ಅನ್ನುವವರ ಪೂರ್ವಜರು ಉಚ್ಚಾರ ಬದಲಾಗುವ ಮೊದಲೇ ಉತ್ತರ ಬಿಟ್ಟವರು" ಎಂದು ತೀರ್ಮಾನಿಸಿದರೆ ತಪ್ಪು. ಸೊಲ್ಲಾಪುರದ ಮನೆತನ ಮಂಗಳೂರಿಗೆ ಬಂದು ಎರಡು ತಲೆಮಾರು ಕಳೆದರೆ ಮಕ್ಕಳು ತುಳು ಮಾತಾಡುತ್ತಾರೆ. ಉತ್ತರದ ಚೆನ್ ಒಬ್ಬ ಹದಿನಾರನೆಯ ಶತಮಾನದಲ್ಲಿ ಹೈಚೆಂಗ್‌ಗೆ ಬಂದು ನೆಲೆಸಿದ್ದರೂ ಮೊಮ್ಮಕ್ಕಳು ತಾನ್ ಆಗಿರುತ್ತಿದ್ದರು. ಉಚ್ಚಾರ ಹೇಳುವುದು ಕೊನೆಯ ಬಂದರನ್ನು. ಇನ್ನು ಅದರ ಇಂಗ್ಲಿಷ್ ಕಾಗುಣಿತವೋ, ಆ ಬಂದರಿನ ಗುಮಾಸ್ತನ ಕಿವಿಗೆ ಬಿದ್ದದ್ದು.

ಎಲ್ಲರೂ ಗುಶಿಯವರೇ

ಹೈಚೆಂಗ್‌ನಿಂದ ಹಿಂದಕ್ಕೆ ಹೋಗಬೇಕಾದರೆ ಮನೆತನದ ವಂಶಾವಳಿ ಪುಸ್ತಕವೇ ಗತಿ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಕೂತು ಬರುತ್ತಾರಲ್ಲ, ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಯಾವ ಊರು ಬಿಟ್ಟು ಯಾವ ಊರಿಗೆ ಬಂದಿರಿ ಎಂಬುದನ್ನೆಲ್ಲ ಹಾಡಿ ಹೇಳಿ, ಕಾಳುಕಡಿ ಪಡೆದು ಹೋಗುತ್ತಾರಲ್ಲ, ಆ ಕೆಲಸವನ್ನು ಚೀನಾದಲ್ಲಿ ಮನೆತನದವರೇ ಪುಸ್ತಕ ಮಾಡಿ ಇಟ್ಟುಕೊಂಡಿದ್ದಾರೆ. ಕೆಲವು ದಶಕಕ್ಕೊಮ್ಮೆ ಹೊಸದಾಗಿ ಬರೆಸಿ ಮರದ ಅಚ್ಚಿನಲ್ಲಿ ಮುದ್ರಿಸುತ್ತಿದ್ದರು. ಹತ್ತಿರದ ಆರೇಳು ತಲೆಮಾರಿನ ಮಟ್ಟಿಗೆ ಅವು ನಂಬಬಹುದಾದ ದಾಖಲೆ. ಯಾರು ದತ್ತು ಬಂದರು, ಯಾರು ಸಮುದ್ರದಾಚೆ ಹೋಗಿ ತೀರಿಕೊಂಡರು ಎಂಬುದೂ ಸಿಗುತ್ತದೆ. ಅದಕ್ಕಿಂತ ಹಿಂದೆ ಹೋದಂತೆ ಪೂರ್ವಜರ ಅಂತಸ್ತು ಏರುತ್ತ ಹೋಗುತ್ತದೆ. ಹೆಳವರ ಹಾಡಿನಲ್ಲೂ ಮೂಲಪುರುಷ ಕೂಲಿಯಾಳು ಎಂದು ಬಂದದ್ದನ್ನು ನಾನಂತೂ ಕೇಳಿಲ್ಲ.

ಝಾಂಗ್‌ಝೌ ಕಡೆಯ ತಾನ್‌ಗಳು ಸಾಮಾನ್ಯವಾಗಿ ಹೇಳುವ ಮೂಲಪುರುಷ ಚೆನ್ ಯುವಾನ್‌ಗುವಾಂಗ್. ಕಥೆ ಹೀಗಿದೆ: 669ರಲ್ಲಿ ತಾಂಗ್ ಅರಸರು ಚೆನ್ ಝೆಂಗ್ ಎಂಬ ದಂಡನಾಯಕನನ್ನು ಸೈನ್ಯದೊಂದಿಗೆ ದಕ್ಷಿಣ ಫುಜಿಯಾನ್‌ಗೆ ಕಳಿಸಿದರು. ಅವನ ಮಗ ಯುವಾನ್‌ಗುವಾಂಗ್ ಅಪ್ಪನ ಜಾಗಕ್ಕೆ ಬಂದು, 686ರಲ್ಲಿ ಝಾಂಗ್‌ಝೌ ಪ್ರಾಂತವನ್ನು ಹುಟ್ಟುಹಾಕಿ, 711ರಲ್ಲಿ ಯುದ್ಧದಲ್ಲಿ ಸತ್ತ. ಜೊತೆಗೆ ಬಂದ ಸೈನಿಕರು ಹೆನಾನ್ ಪ್ರಾಂತ್ಯದ ಗುಶಿ ಎಂಬ ಊರಿನ ಕಡೆಯವರು. ಸತ್ತ ದಂಡನಾಯಕ 'ಝಾಂಗ್‌ಝೌ ತೆರೆದ ಪುಣ್ಯರಾಜ' ಎಂಬ ಹೆಸರಿನ ದೇವರಾದ. ತಾನ್ ಕಿಮ್ ಚಿಂಗ್ ಮತ್ತು ಕಿಮ್ ಸೆಂಗ್ ಅವರ ಮಗ ತಾನ್ ಬೆಂಗ್ ಸ್ವೀ ಸೇರಿ 1876-78ರಲ್ಲಿ ಸಿಂಗಪುರದ ಮ್ಯಾಗಜೀನ್ ರಸ್ತೆಯಲ್ಲಿ ಕಟ್ಟಿಸಿದ ಪೊ ಚಿಯಾಕ್ ಕೆಂಗ್ ಗುಡಿಯ ದೇವರೂ ಇವನೇ. ಮೇಲೆ ಹೇಳಿದ ಎರಡು ಬೇರೆ ಬೇರೆ 'ಕಿಮ್' ಮನೆತನಗಳು ಒಂದೇ ಮೂಲಪುರುಷನ ಗುಡಿಯಲ್ಲಿ ಒಂದಾದವು.

ತಾಂಗ್ ಕಾಲದ ಎರಡು ಅಧಿಕೃತ ಇತಿಹಾಸಗಳಲ್ಲಿ ಎಲ್ಲಿಯೂ ಈ ಮನುಷ್ಯನ ಚರಿತ್ರೆ ಇಲ್ಲ ಎಂಬುದು ತೊಡಕು. ಅವನ ಹುಟ್ಟೂರು ಗುಶಿಯೇ, ಬೇರೆಯೇ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಗುಶಿಯ ಬಗ್ಗೆ ಎಲ್ಲರಿಗಿಂತ ಖಡಕ್ಕಾಗಿ ಮಾತಾಡಿದ್ದು ಹನ್ನೆರಡನೆಯ ಶತಮಾನದ ಇತಿಹಾಸಕಾರ ಝೆಂಗ್ ಛಿಯಾವೊ. ಸ್ವತಃ ಫುಜಿಯಾನ್‌ನವನೇ. ತನ್ನದೇ ಮನೆತನದ ವಂಶಾವಳಿಯ ಮುನ್ನುಡಿಯಲ್ಲಿ ಅವನು ಹೇಳುವುದು ಇಷ್ಟು: ಫುಜಿಯಾನ್‌ನವರನ್ನು ಯಾರನ್ನೇ ಕೇಳಿ, ನಮ್ಮ ಮೂಲ ಗುಶಿ ಎನ್ನುತ್ತಾರೆ, ಅದು ಸುಳ್ಳು. ಕಾರಣವನ್ನೂ ಕೊಡುತ್ತಾನೆ. ತಾಂಗ್ ಸಾಮ್ರಾಜ್ಯ ಕುಸಿಯುವ ಹೊತ್ತಿಗೆ ಗುಶಿಯ ಅಣ್ಣತಮ್ಮಂದಿರಾದ ವಾಂಗ್ ಚಾವೊ, ವಾಂಗ್ ಶೆನ್‌ಝಿ ತಮ್ಮ ಊರ ಜನರ ದಂಡು ಕಟ್ಟಿಕೊಂಡು ಬಂದು ಫುಜಿಯಾನ್ ಹಿಡಿದರು. ಅಧಿಕಾರಕ್ಕೆ ಬಂದ ಮೇಲೆ ವಾಂಗ್ ಶೆನ್‌ಝಿ ತನ್ನೂರಿನವರಿಗೇ ಹೆಚ್ಚು ಅನುಕೂಲ ಮಾಡಿಕೊಟ್ಟ. ಆಮೇಲೆ ಯಾರಿಗೆ ತಾನೇ ಗುಶಿ ನೆನಪಾಗುವುದಿಲ್ಲ?

ಎಂಟುನೂರಕ್ಕೂ ಹೆಚ್ಚು ವರ್ಷ ಹಿಂದೆ ಒಬ್ಬ ಸ್ಥಳೀಯನೇ ಇಷ್ಟು ನೇರವಾಗಿ ಬರೆದಿಟ್ಟಿದ್ದರೂ ಗುಶಿಯ ಕಥೆಗೆ ಏನೂ ಆಗಲಿಲ್ಲ. ಹೆನಾನ್‌ನಿಂದ ಯಾರೂ ಬರಲಿಲ್ಲ ಎಂದಲ್ಲ. ಬಂದವರೂ ಇದ್ದರು, ಮೊದಲೇ ಅಲ್ಲಿದ್ದ ಗುಡ್ಡಗಾಡಿನ, ಕರಾವಳಿಯ ಮೂಲನಿವಾಸಿಗಳೂ ಇದ್ದರು. ತೆರಿಗೆ ಪಟ್ಟಿಗೆ, ಶಾಲೆಗೆ, ಪರೀಕ್ಷೆಗೆ ಸೇರುವ ಹೊತ್ತಿಗೆ ಎಲ್ಲರಿಗೂ ಚೀನೀ ಅಡ್ಡಹೆಸರು ಬೇಕಾಯಿತು. ಅಕ್ಕಪಕ್ಕದಲ್ಲಿ ಬಲವುಳ್ಳ ಹೆಸರು ಯಾವುದಿತ್ತೋ ಅದನ್ನೇ ಹಲವರು ಹಿಡಿದರು. ಉತ್ತರದಲ್ಲೂ ಹೀಗೇ ಆಗಿತ್ತು: 496ರಲ್ಲಿ ಉತ್ತರ ವೇಯ್ ದೊರೆ ತನ್ನ ಶಿಯಾನ್‌ಬೇಯ್ ಕುಲದವರೆಲ್ಲ ಚೀನೀ ಹೆಸರು ಇಟ್ಟುಕೊಳ್ಳಲಿ ಎಂದಾಗ ಹೌಮೊಚೆನ್ ಎಂಬ ಕುಲದವರು ಬಾಲ ಉಳಿಸಿ ತಲೆ ಕತ್ತರಿಸಿ ಬರಿ ಚೆನ್ ಆದರು. ಇದರ ಮೇಲೆ ದತ್ತು. ಒಂದೇ ಅಕ್ಷರ ಅಂದಮಾತ್ರಕ್ಕೆ ಒಂದೇ ರಕ್ತ ಎನ್ನುವಂತಿಲ್ಲ. ಆದರೂ ತಾನ್-ತಾನ್ ಮದುವೆಗೆ ಹಿರಿಯರು ಬಹುಕಾಲ ಮೂಗು ಮುರಿದರು. ಸಗೋತ್ರ, ಒಂದೇ ಬೆಡಗು ಎಂದು ನಮ್ಮವರು ಸಂಬಂಧ ಬಿಡುತ್ತಾರಲ್ಲ, ಅದೇ ನ್ಯಾಯ.

ಒಡೆದ ಒಲೆ

ಝಾಂಗ್‌ಝೌ ದಾರಿಗೆ ಸೇರದಿದ್ದರೂ ಒಂದು ಕವಲನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಜಿಯಾಂಗ್‌ಶಿ ಪ್ರಾಂತ್ಯದ ದೆ-ಆನ್‌ನಲ್ಲಿ ಎಂಟನೆಯ ಶತಮಾನದಲ್ಲಿ ನೆಲೆಸಿದ ಒಂದು ಚೆನ್ ಕುಟುಂಬ ಮುನ್ನೂರು ವರ್ಷ ಪಾಲಾಗಲೇ ಇಲ್ಲ. ಆಸ್ತಿ ಒಂದೇ, ಒಲೆ ಒಂದೇ. 890ರಲ್ಲಿ ಮನೆಯ ಹಿರಿಯ ಚೆನ್ ಚೊಂಗ್ ಮೂವತ್ಮೂರು ಕಟ್ಟಳೆ ಬರೆದಿಟ್ಟ. ಮನೆತನದ ದಾಖಲೆ ಪ್ರಕಾರ ಕೊನೆಗೆ 3,900 ಜನ. ಸೊಂಗ್ ರಾಜವಂಶದ ಅಧಿಕೃತ ಇತಿಹಾಸವೂ ಈ ಮನೆಯನ್ನು ಹೊಗಳಿ, ನಾಯಿಗಳ ಸಂಗತಿ ಸೇರಿಸುತ್ತದೆ: ನೂರಕ್ಕೂ ಹೆಚ್ಚು ನಾಯಿ ಒಂದೇ ಬಾನಿಯಲ್ಲಿ ತಿನ್ನುತ್ತಿದ್ದವು, ಒಂದು ಬರದಿದ್ದರೆ ಉಳಿದವು ಬಾಯಿ ಹಾಕುತ್ತಿರಲಿಲ್ಲ. ನಾಯಿ ಸಾಕಿದವರು ನಕ್ಕಾರು, ಇರಲಿ.

1062ರಲ್ಲಿ ಅರಮನೆಯ ಅಪ್ಪಣೆಯಂತೆ ಮನೆ ಒಡೆಯಿತು. ಆಸ್ತಿ 291 ಪಾಲಾಗಿ, ಜನ ದಕ್ಷಿಣ ಚೀನಾದ ಉದ್ದಗಲಕ್ಕೆ ಚೆದುರಿದರು. ಅಡುಗೆಯ ಹಂಡೆಯನ್ನು ಎತ್ತರದಿಂದ ಕೆಡವಿದಾಗ ಸರಿಯಾಗಿ 291 ಚೂರಾಯಿತು ಎಂದು ಐತಿಹ್ಯ. ನಾಲ್ಕು ಸಾವಿರ ಜನರ ಸೌಹಾರ್ದ ಸರ್ಕಾರಕ್ಕೆ ಯಾಕೆ ಭಯ ಹುಟ್ಟಿಸಿತು ಎಂದು ಊಹಿಸುವುದು ಕಷ್ಟವಲ್ಲ. ಒಲೆ ಬೇರೆ ಮಾಡಿಸುವುದು ಯಾವ ಕಾಲಕ್ಕೂ ಆಳುವವರಿಗೆ ಗೊತ್ತಿರುವ ವಿದ್ಯೆ.

ಬಾಗಿಲ ಮೇಲಿನ ಎರಡಕ್ಷರ

ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ ತಾನ್‌ಗಳ ಕುಲಮಂದಿರ ಇದೆ. ಅದರ ಹೆಸರು ಎಂಗ್ ಚುವಾನ್ ತೊಂಗ್. ಎಂಗ್ ಚುವಾನ್ ಎಂದರೆ ಹೊಕ್ಕಿಯೆನ್ ಬಾಯಲ್ಲಿ ಯಿಂಗ್‌ಚುವಾನ್, ಹೆನಾನ್‌ನ ಒಂದು ಹಳೆಯ ಸೀಮೆ. ತೈವಾನ್‌ನಲ್ಲೂ ಮಲಾಕ್ಕಾದಲ್ಲೂ ಹಳೆಯ ಮನೆಯ ಬಾಗಿಲ ಮೇಲೆ ಈ ಎರಡಕ್ಷರ ಕಂಡರೆ ಒಳಗಿರುವವರು ಚೆನ್ ಎಂದು ಓದಬಲ್ಲವರಿಗೆ ಗೊತ್ತಾಗುತ್ತದೆ.

ಯಿಂಗ್‌ಚುವಾನ್ ದೊಡ್ಡದಾದದ್ದು ಹಾನ್ ಕಾಲದ ಚೆನ್ ಶಿ ಎಂಬ ಅಧಿಕಾರಿಯಿಂದ (104-187). ಬರಗಾಲದ ಒಂದು ರಾತ್ರಿ ಕಳ್ಳನೊಬ್ಬ ಇವನ ಮನೆಗೆ ನುಗ್ಗಿ ತೊಲೆಯ ಮೇಲೆ ಅಡಗಿ ಕೂತ. ಚೆನ್ ಶಿ ನೋಡಿಯೂ ಕೂಗಲಿಲ್ಲ. ಎದ್ದು ಬಟ್ಟೆ ಸರಿಮಾಡಿಕೊಂಡು ಮಕ್ಕಳು ಮೊಮ್ಮಕ್ಕಳನ್ನು ಎಬ್ಬಿಸಿ ಕೂರಿಸಿ, "ಕೆಟ್ಟವರೆಲ್ಲ ಹುಟ್ಟಿನಿಂದ ಕೆಟ್ಟವರಲ್ಲ, ಚಾಳಿ ಬಿದ್ದು ಹಾಗಾಗುತ್ತಾರೆ, ಅಗೋ, ತೊಲೆಯ ಮೇಲಿರುವ ಆ ಸಜ್ಜನರ ಹಾಗೆ" ಎಂಬಂತೆ ಪಾಠ ಶುರುಮಾಡಿದ. ಕಳ್ಳ ಇಳಿದು ಕಾಲಿಗೆ ಬಿದ್ದ; ಚೆನ್ ಶಿ ಎರಡು ಥಾನು ರೇಷ್ಮೆ ಕೊಟ್ಟು ಕಳಿಸಿದ. ಚೀನೀ ಮಾತಿನಲ್ಲಿ ಕಳ್ಳನಿಗೆ 'ತೊಲೆಯ ಮೇಲಿನ ಸಜ್ಜನ' ಎಂಬ ಹೆಸರು ಇವತ್ತಿಗೂ ಇದೆ. ಇಂಥವನು ಮೂಲಪುರುಷ ಆಗಲಿ ಎಂದು ಯಾರಿಗೆ ಆಸೆಯಾಗದು? 557ರಲ್ಲಿ ದಕ್ಷಿಣದಲ್ಲಿ ಸಿಂಹಾಸನ ಏರಿ, ರಾಜ್ಯಕ್ಕೂ ಚೆನ್ ಎಂದೇ ಹೆಸರಿಟ್ಟ ಚೆನ್ ಬಾಶಿಯಾನ್ ತಾನು ಚೆನ್ ಶಿಯ ವಂಶದವನೆಂದು ಹೇಳಿಕೊಂಡ.

ಕಳೆದುಹೋದ ಊರು

ಇನ್ನೂ ಹಿಂದಕ್ಕೆ, ಕೊನೆಯ ಮೆಟ್ಟಿಲಿಗೆ. ಕ್ರಿ.ಪೂ. ಹನ್ನೊಂದನೆಯ ಶತಮಾನದಲ್ಲಿ ಝೌ ರಾಜ ವೂ ಶಾಂಗ್ ಅರಸರನ್ನು ಕೆಡವಿದ ಮೇಲೆ, ಪುರಾಣಪುರುಷ ಶುನ್ ಚಕ್ರವರ್ತಿಯ ವಂಶದವನೆನ್ನುವ ಗುಯಿ ಮಾನ್ ಎಂಬವನಿಗೆ ತನ್ನ ಹಿರಿಮಗಳನ್ನು ಕೊಟ್ಟು, ಚೆನ್ ಎಂಬ ನಾಡನ್ನು ಉಂಬಳಿ ಬಿಟ್ಟ. ಅದು ಇಂದಿನ ಹೆನಾನ್‌ನ ಹುವಾಯ್‌ಯಾಂಗ್. ಅಂದರೆ ಕುಲದ ಹೆಸರು ಗುಯಿ, ಚೆನ್ ನಾಡಿನ ಹೆಸರು. ಆ ಕಾಲದಲ್ಲಿ ಎರಡೂ ಬೇರೆ ಬೇರೆ: ಗುಯಿ ಎಂಬುದು ನಮ್ಮ ಗೋತ್ರದ ಹಾಗೆ, ಮದುವೆಯ ಲೆಕ್ಕಕ್ಕೆ, ಚೆನ್ ನಮ್ಮ ಊರಿನ ಅಡ್ಡಹೆಸರಿನ ಹಾಗೆ.

ಕ್ರಿ.ಪೂ. 672ರಲ್ಲಿ ಅರಮನೆಯಲ್ಲಿ ಯುವರಾಜನ ಕೊಲೆಯಾದಾಗ ಚೆನ್ ವಾನ್ ಎಂಬ ರಾಜಕುಮಾರ ಜೀವ ಉಳಿಸಿಕೊಳ್ಳಲು ಛಿ ರಾಜ್ಯಕ್ಕೆ ಓಡಿದ. ಅಲ್ಲಿ ಅವನಿಗೆ ಕುಶಲಕರ್ಮಿಗಳ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು. ಅವನ ಪೀಳಿಗೆಯವರ ಹೆಸರು ತಿಯೆನ್ ಎಂದಾಯಿತು, ಯಾಕೆಂದರೆ ಆ ಕಾಲದಲ್ಲಿ ಎರಡರ ಉಚ್ಚಾರ ಹೆಚ್ಚುಕಡಿಮೆ ಒಂದೇ. ಛಿಯನ್ ದಾಶಿನ್ ಕೈಗೆ ಸಿಕ್ಕ ಎಳೆಗಳಲ್ಲಿ ಇದೂ ಒಂದು. ತಾನ್‌ನ 'ತ' ಅಷ್ಟು ಹಳೆಯದು. ಆಶ್ರಯ ಬೇಡಿ ಬಂದವನ ಮರಿಮಕ್ಕಳು ಕ್ರಿ.ಪೂ. 386ರಲ್ಲಿ ಛಿ ರಾಜ್ಯವನ್ನೇ ನುಂಗಿದರು. ಅತ್ತ ಚೆನ್ ನಾಡನ್ನು ಕ್ರಿ.ಪೂ. 478ರ ಸುಮಾರಿಗೆ ಚೂ ರಾಜ್ಯ ಮುಗಿಸಿಹಾಕಿತ್ತು. ಆಗ ಚೆದುರಿದವರೇ ನಾಡಿನ ಹೆಸರನ್ನು ಅಡ್ಡಹೆಸರಾಗಿ ಹೊತ್ತರು.

ಬಾದಾಮಿಯಲ್ಲೇ ಇರುವವನಿಗೆ ಬಾದಾಮಿ ಎಂಬ ಅಡ್ಡಹೆಸರು ಬೇಕಾಗುವುದಿಲ್ಲ, ಬಿಟ್ಟುಬಂದವನಿಗೆ ಅಂಟುತ್ತದೆ. ಈ ಪ್ರಕರಣದಲ್ಲಿ ಎಲ್ಲ ಮೆಟ್ಟಿಲಲ್ಲೂ ಕಾಣುವುದು ಇದೇ. ಚೆನ್ ಎಂಬುದು ಕಳೆದುಕೊಂಡ ನಾಡು, ಬಾಗಿಲ ಮೇಲಿನ ಯಿಂಗ್‌ಚುವಾನ್ ಬಿಟ್ಟುಬಂದ ಸೀಮೆ, ಗೋರಿಯ ಹಣೆಯ ಹೈಚೆಂಗ್ ಬಿಟ್ಟುಬಂದ ಬಂದರು. ಹೈಚೆಂಗ್ ದಾಖಲೆ, ಯಿಂಗ್‌ಚುವಾನ್ ಆಯ್ಕೆ, ಚೆನ್ ನಾಡು ಆಯ್ಕೆಯ ಮೇಲಿನ ಆಯ್ಕೆ ಎಂದು ನಾನು ಲೆಕ್ಕ ಇಡುತ್ತೇನೆ. ಹುವಾಯ್‌ಯಾಂಗ್‌ನಲ್ಲಿರುವ ಗುಯಿ ಮಾನ್‌ನ ಸಮಾಧಿಗೆ ಊದುಬತ್ತಿ ಹಚ್ಚಲು ಬರುವ ತಾನ್‌ಗಳಿಗೆ ಈ ಲೆಕ್ಕ ಬೇಕಾಗಿಲ್ಲ.

ಒಂದು ಕಡೆ ಮಾತ್ರ ಅಡ್ಡಹೆಸರನ್ನೇ ಬಿಟ್ಟುಬರಬೇಕಾಯಿತು. 1966ರಲ್ಲಿ ಇಂಡೋನೇಷ್ಯಾ ಸರ್ಕಾರ ಚೀನೀಯರು ಇಂಡೋನೇಷ್ಯನ್ ಹೆಸರು ಇಟ್ಟುಕೊಳ್ಳಲಿ ಎಂದು ದಾರಿ ತೆರೆದು, ಒತ್ತಡವನ್ನೂ ಹಾಕಿತು. ತಾನ್‌ಗಳು ತಾನುವಿಜಯ ಆದರು, ಹರ್ತಾಂತೋ ಆದರು, ಸುತಾಂತೋ ಆದರು. ಹರ್ತಾಂತೋ, ಸುತಾಂತೋ ಜಾವಾದವರಲ್ಲೂ ಇರುವ ಹೆಸರುಗಳು, ಅದಕ್ಕೇ ಒದಗಿ ಬಂದವು. ಯಾವ ಹರ್ತಾಂತೋ ಒಳಗೆ ತಾನ್ ಕೂತಿದೆ, ಯಾವುದರೊಳಗೆ ಇಲ್ಲ ಎಂದು ಹೆಸರು ನೋಡಿ ಹೇಳುವಂತಿಲ್ಲ. ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟದ ದೊಡ್ಡ ಹೆಸರು ತಾನ್ ಮಲಾಕಾ ಕಂಡಾಗಲಂತೂ ನಾನೇ ಒಮ್ಮೆ ಇವನೂ ಮಲಾಕ್ಕಾದ ತಾನ್ ಇರಬೇಕೆಂದು ಟಿಪ್ಪಣಿ ಮಾಡಿಕೊಂಡಿದ್ದೆ. ಅವನು ಸುಮಾತ್ರಾದ ಮಿನಂಗ್‌ಕಬಾವ್ ಕುಲದವನು. ತಾನ್ ಮಲಾಕಾ ಎಂಬುದು ಅವನ ಕುಲದ ಬಿರುದು. ಟಿಪ್ಪಣಿಯ ಮೇಲೆ ಗೆರೆ ಎಳೆದೆ.